ಯಾರ ಲಾಗಿನ್‌ನಲ್ಲಿದೆ?

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲೆಂದು ಅಣ್ಣ ಪಹಣಿ ತೆಗೆಸಿದ. ಮೂರನೇ ಕಾಲಂನಲ್ಲಿ ಜಮೀನಿನ ವಿಸ್ತೀರ್ಣ 2 ಎಕರೆ 12 ಗುಂಟೆ ಎಂದಿತ್ತು. ಒಂಬತ್ತನೇ ಕಾಲಂನಲ್ಲಿ ಅಪ್ಪನ ಹೆಸರಿನ ಎದುರು 1 ಎಕರೆ 32 ಗುಂಟೆ. ಹಾಳೆ ಒಂದೇ, ಸರ್ವೆ ನಂಬರು ಒಂದೇ, ಖಾತೆದಾರ ಒಬ್ಬರೇ. 20 ಗುಂಟೆ ಮಾತ್ರ ಎರಡು ಕಾಲಂಗಳ ನಡುವೆ ಎಲ್ಲೋ ಉದುರಿಹೋಗಿತ್ತು. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸುವಾಗ ಆದ ಕಣ್ತಪ್ಪು. ಕರ್ನಾಟಕದ ರೈತರಿಗೆ ಇದು ಹೊಸದಲ್ಲ. ‘ಮೂರಕ್ಕೂ ಒಂಬತ್ತಕ್ಕೂ ತಾಳೆಯಾಗಲ್ಲ’ ಎಂಬ ಮಾತು ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತವರ ಬಾಯಲ್ಲಿ ದಿನಾ ಬರುತ್ತದೆ.

ಆ ತಪ್ಪನ್ನು ಯಾರು ಬೇಕಾದರೂ ನೋಡಬಹುದಿತ್ತು. ಬೆಂಗಳೂರಿನಲ್ಲಿ ಕೂತು ನಾನು ನೋಡಿದೆ. ಮುಂಬೈಯಲ್ಲಿರುವ ಚಿಕ್ಕಪ್ಪನ ಮಗ ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ನೋಡಿ ಫೋನು ಮಾಡಿದ. ಸರ್ವೆ ನಂಬರು ಗೊತ್ತಿದ್ದರೆ, ಎಂದೂ ನಮ್ಮೂರಿಗೆ ಬಾರದವರೂ ನಮ್ಮ ಮನೆಯ 20 ಗುಂಟೆ ಕಳೆದುಹೋದದ್ದನ್ನು ಕಾಣಬಹುದಿತ್ತು. ತಿದ್ದುವವರು ಮಾತ್ರ ಸಿಗಲಿಲ್ಲ. ಅಣ್ಣ ಎರಡು ವರ್ಷ ಓಡಾಡಿದ. ಕೌಂಟರಿನ ಹುಡುಗ ಒಳ್ಳೆಯವನು, ಲಂಚ ಕೇಳಿದವನಲ್ಲ. ಹೋದಾಗಲೆಲ್ಲ ಅವನ ಉತ್ತರ ಒಂದೇ: “ಅಣ್ಣಾ, ಇದು ನಮ್ಮ ಲಾಗಿನ್‌ನಲ್ಲಿ ಬರಲ್ಲ.” ಯಾರ ಲಾಗಿನ್‌ನಲ್ಲಿ ಬರುತ್ತದೆ ಎಂದರೆ ಅವನು ಮೇಲಕ್ಕೆ ಕೈ ತೋರಿಸುತ್ತಿದ್ದ.

ಸರ್ಕಾರವನ್ನು ಇಂಟರ್‌ನೆಟ್ಟಿಗೆ ಏರಿಸಿದರೆ ಅದು ಪಾರದರ್ಶಕವಾಗುತ್ತದೆ, ಪಾರದರ್ಶಕವಾದರೆ ತಾನಾಗಿಯೇ ಉತ್ತರದಾಯಿಯಾಗುತ್ತದೆ ಎಂಬ ನಂಬಿಕೆ ಕಳೆದ ಕಾಲು ಶತಮಾನದಿಂದ ನಮ್ಮಲ್ಲಿ ಬೇರೂರಿದೆ. ಪಕ್ಷ ಯಾವುದೇ ಇರಲಿ, ವಿಧಾನಸೌಧದಲ್ಲಿ ಇದಕ್ಕೆ ಎದುರಾಡಿದವರು ಕಡಿಮೆ. ಓದಿದ ಮಧ್ಯಮವರ್ಗಕ್ಕಂತೂ ಇದು ಅನುಮಾನಕ್ಕೆ ಎಡೆಯಿಲ್ಲದ ಸತ್ಯ. ನಾನೂ ಹಾಗೆ ನಂಬಿದ್ದೆ, ನಂಬಿ ಬರೆದೂ ಇದ್ದೆ. ಈಗ ಅದರ ಮೊದಲ ಅರ್ಧವನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ಕಾಣಿಸುವುದು ಒಂದು ಕೆಲಸ, ಉತ್ತರ ಹೇಳುವುದು ಇನ್ನೊಂದು. ಮೊದಲನೆಯದನ್ನು ಯಂತ್ರ ಮಾಡುತ್ತದೆ. ಎರಡನೆಯದಕ್ಕೆ, ಜನರ ಕೈಗೆಟುಕುವ ದೂರದಲ್ಲಿ, ಹೆಸರಿರುವ ಒಬ್ಬ ಮನುಷ್ಯ ಬೇಕು. ನಮ್ಮ ಇ-ಆಡಳಿತ ಮಾಹಿತಿಯನ್ನು ಹತ್ತಿರ ತಂದ ಹೊತ್ತಿಗೇ ಆ ಮನುಷ್ಯನನ್ನು ದೂರ ಸಾಗಿಸಿತು ಎಂಬುದು ನನ್ನ ತಕರಾರು.

‘ಭೂಮಿ’ಯಿಂದಲೇ ಶುರುಮಾಡಬೇಕು, ಏಕೆಂದರೆ ಈ ನಂಬಿಕೆಗೆ ದೇಶದಲ್ಲೇ ದೊಡ್ಡ ಸಾಕ್ಷಿಯಾಗಿ ನಿಂತದ್ದು ಕರ್ನಾಟಕದ ಈ ಯೋಜನೆ. 2000ದ ದಶಕದ ಮೊದಲ ವರ್ಷಗಳಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದವು. ಆಗ 15 ರೂಪಾಯಿ ಕೊಟ್ಟರೆ ಕೈಗೆ ಅಚ್ಚಾದ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿ ಇನ್ನು ಸಲ್ಲುವುದಿಲ್ಲ ಎಂದು ಸರ್ಕಾರ ಸಾರಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು, ಹಿಂದಿನದನ್ನು ಮುಂದಕ್ಕೆ ಹಾರಿಸುವಂತಿಲ್ಲ. ದಾಖಲೆ ಮುಟ್ಟುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೊಗಬೇಕು. ಇವೆಲ್ಲ ಸಣ್ಣ ಸಾಧನೆಗಳಲ್ಲ. ಪಹಣಿಯ ಒಂದು ಪ್ರತಿಗಾಗಿ ಗ್ರಾಮ ಲೆಕ್ಕಿಗರ ಮನೆಬಾಗಿಲಲ್ಲಿ ವಾರಗಟ್ಟಲೆ ನಿಂತವರಿಗೆ ಆ 15 ರೂಪಾಯಿ ರಸೀದಿಯ ಬೆಲೆ ಗೊತ್ತು. ಅದನ್ನು ಹಗುರ ಮಾಡಿ ಮಾತಾಡುವವರ ಜೊತೆ ನಾನಿಲ್ಲ.

ಹಳೆಯ ಕಾಲವನ್ನು ಹೊಗಳುವವರ ಜೊತೆಗೂ ಇಲ್ಲ. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯ್ದೆ ಬರುವವರೆಗೆ ಶಾನುಭೋಗಿಕೆ ವಂಶಪಾರಂಪರ್ಯದ್ದು. ಲೇಖಣಿ ಒಂದು ಮನೆತನದ್ದು, ಭಯ ಊರಿನದ್ದು. ಉಳುವವನ ಹೆಸರು ಬರೆಯದೆ ಬಿಟ್ಟ ಶಾನುಭೋಗರಿಂದ ಗೇಣಿದಾರರು ಎಷ್ಟು ನೊಂದರೆಂದು ನಮ್ಮ ಕಡೆಯ ಮುದುಕರು ಈಗಲೂ ಹೇಳುತ್ತಾರೆ. ಆಮೇಲೆ ಬಂದ ಗ್ರಾಮ ಲೆಕ್ಕಿಗರು ಸಂಬಳದ ನೌಕರರು. ರಾಜ್ಯದಲ್ಲಿ ಅಂಥವರು ಸುಮಾರು 9 ಸಾವಿರ ಜನ ಇದ್ದರು, ಲಂಚವೂ ಇತ್ತು. ಆದರೂ ಒಂದು ಮಾತು ಉಳಿಯುತ್ತದೆ. ತಪ್ಪು ಬರೆದವನು ಯಾರೆಂದು ಊರಿಗೆ ಗೊತ್ತಿರುತ್ತಿತ್ತು. ಅವನು ಸಂತೆಗೆ ಬರುತ್ತಿದ್ದ, ಜಾತ್ರೆಯಲ್ಲಿ ಸಿಗುತ್ತಿದ್ದ. ಸಿಟ್ಟಿಗೆದ್ದವರು ಅರಳಿಕಟ್ಟೆಯ ಮುಂದೆ ನಿಲ್ಲಿಸಿಕೊಂಡು “ಏನ್ರೀ ಇದು?” ಎಂದು ಕೇಳಬಹುದಿತ್ತು, ಕೇಳುತ್ತಿದ್ದರು.

‘ಭೂಮಿ’ ದಾಖಲೆಯನ್ನು ಅವನ ಕೈಯಿಂದ ಕಿತ್ತುಕೊಂಡಿತು. ಕಿತ್ತುಕೊಂಡದ್ದು ಊರಿಗೆ ಬರಲಿಲ್ಲ, ತಾಲ್ಲೂಕಿಗೆ ಹೋಯಿತು. ತಿದ್ದುಪಡಿಯ ಮಾತು ಬಂದರೆ ಎಷ್ಟೋ ಸಲ ಅದಕ್ಕೂ ಮೇಲೆ, ಉಪವಿಭಾಗಾಧಿಕಾರಿ ಕಚೇರಿಗೆ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ಬೆಂಗಳೂರಿನ ಸುತ್ತಲಿನ ಹಳ್ಳಿಗಳನ್ನು ಗಮನದಲ್ಲಿಟ್ಟು ಬರೆದ ಅಧ್ಯಯನ ಹೇಳಿದ್ದು ಇದನ್ನೇ. ದಾಖಲೆಯ ನಿಯಂತ್ರಣ ಹಳ್ಳಿಯಿಂದ ಮೇಲಕ್ಕೆ ಸರಿದಾಗ ಲಂಚ ನಿಲ್ಲಲಿಲ್ಲ, ದುಬಾರಿಯಾಯಿತು. ಮೇಲಿನ ಕಚೇರಿಗಳ ದಾರಿ ಬಲ್ಲ ದೊಡ್ಡ ಕುಳಗಳಿಗೆ ಭೂಮಿ ಕೊಳ್ಳುವುದು ಸಲೀಸಾಯಿತು ಎಂದು ಅವರು ವಾದಿಸಿದರು. ಕೆಲವು ವರ್ಷಗಳ ನಂತರ ಕೆನಡಾದ ಮೈಕೆಲ್ ಗರ್ಸ್ಟೀನ್ ಇದೇ ಉದಾಹರಣೆ ಹಿಡಿದು, ಮುಕ್ತ ದತ್ತಾಂಶ ಮೊದಲು ಬಲ ಕೊಡುವುದು ಈಗಾಗಲೇ ಬಲವಿದ್ದವರಿಗೆ ಎಂದು ಬರೆದರು. ಆ ಅಧ್ಯಯನದ ಎಲ್ಲ ತೀರ್ಮಾನಗಳನ್ನೂ ನಾನು ಇಡೀ ರಾಜ್ಯಕ್ಕೆ ಹಬ್ಬಿಸಲಾರೆ. ಬೆಂಗಳೂರಿನ ಅಂಚಿನ ಭೂಮಿಯ ಕಥೆ ಬೇರೆ, ಪಾವಗಡದ ಒಣ ಹೊಲದ ಕಥೆ ಬೇರೆ. ಆದರೆ ಅದರ ತಿರುಳು ಪಾವಗಡಕ್ಕೂ ಸಲ್ಲುತ್ತದೆ. ಪಹಣಿ ಎಲ್ಲರಿಗೂ ಕಾಣುತ್ತದೆ. ಅದನ್ನು ಓದಿ, ಎಲ್ಲಿ ಸಂದಿದೆ ಎಂದು ಹುಡುಕಿ, ವಕೀಲರನ್ನು ಹಿಡಿದು, ಮೇಲಿನ ಕಚೇರಿಗೆ ಹತ್ತು ಸಲ ಹೋಗಿಬರುವ ಕಸುವು ಎಲ್ಲರಿಗೂ ಇಲ್ಲ.

ಈ ಇಪ್ಪತ್ತು ವರ್ಷಗಳಲ್ಲಿ ನಮ್ಮ ಹಳ್ಳಿಗಳ ಮಾತಿಗೆ ಸೇರಿದ ಹೊಸ ಪದ ‘ಲಾಗಿನ್’. ಫೈಲು ಮೊದಲು ಟೇಬಲ್ ಮೇಲೆ ಇರುತ್ತಿತ್ತು, ಈಗ ಲಾಗಿನ್‌ನಲ್ಲಿ ಇರುತ್ತದೆ. ‘ಆರ್‌ಐ ಲಾಗಿನ್‌ನಿಂದ ತಹಶೀಲ್ದಾರ್ ಲಾಗಿನ್‌ಗೆ ಹೋಗಿದೆಯಂತೆ’ ಎಂದು ಶಾಲೆಯ ಮೆಟ್ಟಿಲು ಹತ್ತದವರೂ ಹೇಳುತ್ತಾರೆ. ಟೇಬಲ್ ಮೇಲಿನ ಫೈಲಿಗೆ ಒಂದು ಟೇಬಲ್ ಇತ್ತು, ಅದರ ಹಿಂದೊಂದು ಮುಖ ಇತ್ತು. ಲಾಗಿನ್‌ಗೆ ಮುಖವಿಲ್ಲ. ಅದಕ್ಕಿಂತಲೂ ಗಟ್ಟಿಯಾದ ಇನ್ನೊಂದು ಮರೆ ‘ಸರ್ವರ್ ಇಲ್ಲ’ ಎಂಬುದು. ಕೆಲಸ ಯಾಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಇದಕ್ಕಿಂತ ಪೂರ್ತಿಯಾಗಿ ಬಾಯಿ ಮುಚ್ಚಿಸುವ ಉತ್ತರ ಆಡಳಿತದ ಇತಿಹಾಸದಲ್ಲಿ ಹಿಂದೆಂದೂ ಇರಲಿಲ್ಲ ಎಂದು ನನಗನ್ನಿಸುತ್ತದೆ. ಅದು ನಿಜವೂ ಇರಬಹುದು, ಅಲ್ಲದೆಯೂ ಇರಬಹುದು. ಕೌಂಟರಿನ ಈಚೆ ನಿಂತವರಿಗೆ ತಿಳಿಯುವ ದಾರಿಯೇ ಇಲ್ಲ.

ಇದಕ್ಕೆ ಎದುರಾಗಿ ನನಗೆ ನೆನಪಾಗುವುದು ರಾಜಸ್ಥಾನ. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಅಲ್ಲಿನ ಹಳ್ಳಿಗರು ಸೇರಿ 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಊರಲ್ಲಿ ಮೊದಲ ‘ಜನ್ ಸುನ್ವಾಯಿ’, ಅಂದರೆ ಜನರ ಮುಂದಿನ ವಿಚಾರಣೆ, ನಡೆಸಿತು. ಆಗ ಆ ಹಳ್ಳಿಗಳಲ್ಲಿ ಇಂಟರ್‌ನೆಟ್ ಎಂಬ ಪದವೂ ಇರಲಿಲ್ಲ. ಬರಗಾಲದ ಕಾಮಗಾರಿಯ ಹಾಜರಿ ಪಟ್ಟಿ, ಬಿಲ್ಲು, ವೋಚರು ಹೇಗೋ ಸಂಪಾದಿಸಿ ಬಯಲಲ್ಲಿ ಗಟ್ಟಿಯಾಗಿ ಓದುವುದು, ಅಷ್ಟೇ. ಪಟ್ಟಿಯಲ್ಲಿ ಹೆಸರಿದ್ದವರು ಎದುರಿಗೇ ಕೂತಿರುತ್ತಿದ್ದರು. ತಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ ಎಂದು ಒಬ್ಬಳು ಏಳುತ್ತಾಳೆ. ಈ ಹೆಸರಿನವನು ಸತ್ತು ವರ್ಷಗಳಾದವು ಎಂದು ಇನ್ನೊಬ್ಬ ಹೇಳುತ್ತಾನೆ. ಕಟ್ಟಿದ್ದಾರೆಂದು ಕಾಗದ ಹೇಳುವ ಕಟ್ಟಡ ಎಲ್ಲಿದೆ ಎಂದು ಊರೇ ಕೇಳುತ್ತದೆ. ಓದು ಬಾರದವರೂ ಅಲ್ಲಿ ಲೆಕ್ಕ ಪರಿಶೋಧಕರೇ. ಲೆಕ್ಕ ಬರೆದವರಿಗೆ ಅದೇ ಊರಲ್ಲಿ, ಅದೇ ಜನರ ನಡುವೆ ಮರುದಿನವೂ ಬದುಕಬೇಕಾಗಿತ್ತು.

‘ನಮ್ಮ ದುಡ್ಡು, ನಮ್ಮ ಲೆಕ್ಕ’ ಎಂಬ ಅವರ ಕೂಗು 1996ರ ಏಪ್ರಿಲಿನಲ್ಲಿ ಬ್ಯಾವರ್ ಪೇಟೆಯಲ್ಲಿ 40 ದಿನಗಳ ಧರಣಿಯಾಯಿತು. ಅಲ್ಲಿಂದ ಬೆಳೆದ ಚಳವಳಿಯ ಫಲ 2005ರ ಮಾಹಿತಿ ಹಕ್ಕು ಕಾಯ್ದೆ. ಗಮನಿಸಬೇಕಾದದ್ದು ಇದು: ಆ ಜನ ಕೇಳಿದ್ದು ಕಾಗದದ ಪ್ರತಿಯನ್ನು ಮಾತ್ರವಲ್ಲ, ಕಾಗದ ಬರೆದವನು ಬಂದು ಎದುರು ನಿಲ್ಲುವುದನ್ನು. ಕಾಯ್ದೆಯಲ್ಲೂ ಆ ಎರಡನೆಯ ಬೇಡಿಕೆ ಉಳಿದಿದೆ. ಮಾಹಿತಿಯನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕೆನ್ನುವ 4ನೇ ಸೆಕ್ಷನ್ನಿನಲ್ಲೇ, ಆಡಳಿತದ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ಕೊಡಬೇಕು ಎಂಬ ಮಾತಿದೆ. 20ನೇ ಸೆಕ್ಷನ್ ಮಾಹಿತಿ ತಡೆದ ಅಧಿಕಾರಿಗೆ, ಇಲಾಖೆಗಲ್ಲ, ದಿನಕ್ಕೆ 250 ರೂಪಾಯಿಯಂತೆ 25 ಸಾವಿರದವರೆಗೆ ದಂಡ ಹಾಕುತ್ತದೆ. ನಮ್ಮ ಜಾಲತಾಣಗಳು 4ನೇ ಸೆಕ್ಷನ್ನಿನ ಪಟ್ಟಿ ತುಂಬುವ ಭಾಗವನ್ನು ಎತ್ತಿಕೊಂಡವು. ಇಲಾಖೆಯ ರಚನೆ, ಅಧಿಕಾರಿಗಳ ಪಟ್ಟಿ, ವರ್ಷಗಳ ಹಿಂದಿನ ಬಜೆಟ್ಟು ಎಲ್ಲ ಸಿಗುತ್ತವೆ. ನನ್ನ ಅರ್ಜಿ ಯಾಕೆ ತಿರಸ್ಕೃತವಾಯಿತು ಎಂಬಲ್ಲಿ ‘ದಾಖಲೆ ಸರಿ ಇಲ್ಲ’ ಎಂಬ ಮೂರು ಪದ ಕಾಣುತ್ತದೆ. ಯಾವ ದಾಖಲೆ, ಏನು ಸರಿ ಇಲ್ಲ ಎಂದು ಹೇಳುವವರಿಲ್ಲ.

ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ ನಮ್ಮ ‘ಸಕಾಲ’ ಕಾಯ್ದೆಗೆ ಈ ಅರಿವು ಇತ್ತು. ತಡಮಾಡಿದ ಅಧಿಕಾರಿಯ ಜೇಬಿನಿಂದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅರ್ಜಿದಾರನಿಗೆ ಎಂದು ಅದು ಬರೆದುಕೊಂಡಿತು. ಒಳ್ಳೆಯ ಕಾನೂನು. ಆದರೆ ತಿರಸ್ಕಾರವೂ ವಿಲೇವಾರಿಯೇ. ಗಡುವು ಮುಗಿಯುವ ಮುನ್ನ ಅರ್ಜಿ ವಾಪಸಾದರೆ ಪರದೆಯ ಮೇಲೆ ಅಧಿಕಾರಿಯ ಲೆಕ್ಕ ಚೊಕ್ಕವಾಗುತ್ತದೆ, ಅರ್ಜಿದಾರ ಮತ್ತೆ ಸಾಲಿನ ಕೊನೆಗೆ ಹೋಗುತ್ತಾನೆ.

ಉದ್ಯೋಗ ಖಾತರಿ ಯೋಜನೆಯಾದ ನರೇಗಾದ ಅನುಭವ ಇನ್ನೂ ಕಟುವಾದದ್ದು. ಆ ಯೋಜನೆಯ ಜಾಲತಾಣದಷ್ಟು ಬಿಚ್ಚಿಟ್ಟ ಸರ್ಕಾರಿ ಜಾಲತಾಣ ಜಗತ್ತಿನಲ್ಲೇ ಕಡಿಮೆ ಎಂದು ಹೊಗಳಿಸಿಕೊಂಡಿತ್ತು. ಪಂಚಾಯಿತಿವಾರು ಜಾಬ್ ಕಾರ್ಡು, ಹಾಜರಿ ಪಟ್ಟಿ, ಯಾರ ಕೂಲಿ ಎಂದು ಪಾವತಿಯಾಯಿತು ಎಂಬುದು, ಎಲ್ಲ ತೆರೆದಿತ್ತು. 15 ದಿನದೊಳಗೆ ಕೂಲಿ ಬರದಿದ್ದರೆ ವಿಳಂಬ ಪರಿಹಾರ ಕೊಡಬೇಕೆಂಬುದು ಕಾನೂನಾಗಿತ್ತು, ಅದನ್ನು ಲೆಕ್ಕ ಹಾಕುತ್ತಿದ್ದುದು ಜಾಲತಾಣವೇ. 2016–17ರ ಪಾವತಿಗಳನ್ನು ಹತ್ತು ರಾಜ್ಯಗಳಲ್ಲಿ ಪರಿಶೀಲಿಸಿದ ರಾಜೇಂದ್ರನ್ ನಾರಾಯಣನ್ ಮತ್ತು ಸಂಗಡಿಗರು ಒಂದು ವಿಷಯ ಕಂಡರು. ಪಂಚಾಯಿತಿ, ತಾಲ್ಲೂಕು ಮಟ್ಟದಲ್ಲಿ ಪಾವತಿ ಆದೇಶ ಸಿದ್ಧವಾಗುವವರೆಗಿನ ತಡವನ್ನಷ್ಟೇ ಯಂತ್ರ ಎಣಿಸುತ್ತಿತ್ತು. ಆದೇಶ ಹೊರಟ ಮೇಲೆ ದೆಹಲಿಯಿಂದ ಹಣ ಕೂಲಿಯವರ ಖಾತೆಗೆ ಬರುವವರೆಗಿನ ತಡ ಲೆಕ್ಕಕ್ಕೇ ಇರಲಿಲ್ಲ. ಸ್ವರಾಜ್ ಅಭಿಯಾನದ ಪ್ರಕರಣದಲ್ಲಿ 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹೇಳಬೇಕಾಯಿತು. ಅಂದರೆ ಕಿಟಕಿ ತೆರೆದಿತ್ತು, ಆದರೆ ಕಿಟಕಿ ಎಲ್ಲಿರಬೇಕೆಂದು ಆರಿಸಿದವರು ಅದನ್ನು ತಮ್ಮ ಕೋಣೆಗೆ ಇಟ್ಟುಕೊಂಡಿರಲಿಲ್ಲ. ಪಿಡಿಒನ ತಪ್ಪು ದೇಶಕ್ಕೆಲ್ಲ ಕಂಡಿತು, ಹಣ ಬಿಡುವ ಮಂತ್ರಾಲಯದ್ದು ಯಾರಿಗೂ ಕಾಣಲಿಲ್ಲ.

ಆಮೇಲೆ ಕ್ಯಾಮೆರಾ ಬಂತು. 2023ರ ಜನವರಿ 1ರಿಂದ ಕೂಲಿಯವರ ಹಾಜರಿಯನ್ನು ಮೊಬೈಲ್ ಆ್ಯಪ್‌ನಲ್ಲೇ ಹಾಕಬೇಕು, ದಿನಕ್ಕೆ ಎರಡು ಸಲ ಕೆಲಸದ ಜಾಗದಲ್ಲೇ ಫೋಟೊ ತೆಗೆದು ಏರಿಸಬೇಕು ಎಂದಾಯಿತು. ಪಾರದರ್ಶಕತೆಗಾಗಿಯೇ ಇದು ಎಂದು ಹೇಳಲಾಯಿತು. ಬೆಳಗ್ಗೆಯೇ ತನ್ನ ಪಾಲಿನ ಗುಂಡಿ ತೋಡಿ ಮುಗಿಸಿದವಳು ಎರಡನೇ ಫೋಟೊಗೆಂದು ಬಿಸಿಲಲ್ಲಿ ಕಾಯಬೇಕಾಯಿತು. ನೆಟ್‌ವರ್ಕ್ ಇಲ್ಲದ ಕಡೆ ಹಾಜರಿ ಹಾಕುವ ಕಾಯಕ ಬಂಧು ಫೋನು ಎತ್ತಿ ಹಿಡಿದುಕೊಂಡು ದಿಬ್ಬ ಹತ್ತಬೇಕಾಯಿತು. ಫೋಟೊ ಏರದಿದ್ದರೆ ದುಡಿದ ದಿನ ದುಡಿಯದ ದಿನವಾಗುತ್ತಿತ್ತು. ಇಷ್ಟೆಲ್ಲ ಮಾಡಿಯೂ ಕಳ್ಳತನ ನಿಂತಿತೆ? ಸಂಬಂಧವಿಲ್ಲದ ಫೋಟೊ ಏರಿಸುವುದು, ಫೋಟೊದ ಫೋಟೊ ತೆಗೆಯುವುದು ನಡೆದಿದೆ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಮಂತ್ರಾಲಯವೇ ಸುತ್ತೋಲೆಯಲ್ಲಿ ಬರೆಯಿತು. ಪರಿಹಾರವಾಗಿ ಫೋಟೊಗಳನ್ನು ಮನುಷ್ಯರೇ ನೋಡಿ ತಾಳೆ ಹಾಕಬೇಕೆಂದಿತು. ಮನುಷ್ಯರು ನೋಡುವ ಏರ್ಪಾಡು ನರೇಗಾ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಮೊದಲಿನಿಂದಲೂ ಇತ್ತು: ಗ್ರಾಮಸಭೆ ನಡೆಸುವ ಸಾಮಾಜಿಕ ಪರಿಶೋಧನೆ. ಅದಕ್ಕೆ ಹಣ, ಸಿಬ್ಬಂದಿ, ಗೌರವ ಕೊಡುವುದಕ್ಕಿಂತ ಕ್ಯಾಮೆರಾ ಹಿಡಿಸುವುದು ಸುಲಭವಾಗಿ ಕಂಡಿತು. ಇಲ್ಲಿ ನನಗೆ ತಡೆಯಲಾಗದ ಸಂಕಟವಾಗುವುದು ಒಂದು ಕಾರಣಕ್ಕೆ. ಸರ್ಕಾರವನ್ನು ಜನ ನೋಡಲಿ ಎಂದು ಹೊರಟ ಮಾತು, ಸರ್ಕಾರ ಜನರನ್ನು ನೋಡುವುದಕ್ಕೆ ತಿರುಗಿಕೊಂಡಿತು. ದಿನಕ್ಕೆರಡು ಸಲ ಫೋಟೊಗೆ ನಿಲ್ಲಬೇಕಾದ ಅಧಿಕಾರಿ ಯಾವ ಕಚೇರಿಯಲ್ಲೂ ಇಲ್ಲ.

ಹಾಗಾದರೆ ಇಂಟರ್‌ನೆಟ್ಟಿನಿಂದ ಏನೂ ಆಗಿಲ್ಲವೆ ಎಂದು ಕೇಳಿದರೆ, ಆಗಿದೆ. 2010ರಲ್ಲಿ ಬೆಂಗಳೂರಿನ ಜನಾಗ್ರಹ ಸಂಸ್ಥೆ ‘ಐ ಪೇಯ್ಡ್ ಎ ಬ್ರೈಬ್’ ಎಂಬ ಜಾಲತಾಣ ತೆರೆದು, ಎಲ್ಲಿ ಎಷ್ಟು ಲಂಚ ಕೊಟ್ಟಿರಿ ಹೇಳಿ ಎಂದಿತು. ಸಾವಿರಾರು ಜನ ಬರೆದರು. ಆಗ ಸಾರಿಗೆ ಆಯುಕ್ತರಾಗಿದ್ದ ಭಾಸ್ಕರ್ ರಾವ್ ಅದನ್ನು ಓದಿದರು, ತಮ್ಮ ಇಲಾಖೆಯ ದೂರುಗಳನ್ನು ಮೇಜಿನ ಮೇಲಿಟ್ಟುಕೊಂಡು ಕೆಲವು ಪದ್ಧತಿಗಳನ್ನು ಬದಲಿಸಿದರು. ಮಿಕ್ಕ ಇಲಾಖೆಗಳ ದೂರುಗಳೂ ಅಷ್ಟೇ ಸ್ಪಷ್ಟವಾಗಿ, ಅದೇ ತಾಣದಲ್ಲಿ ಇದ್ದವು. ಜಾಲತಾಣ ಒಂದೇ, ಕುರ್ಚಿಯಲ್ಲಿ ಕೂತವರು ಕಿವಿಗೊಟ್ಟ ಕಡೆ ಕೆಲಸವಾಯಿತು. ಒಬ್ಬ ಒಳ್ಳೆಯ ಅಧಿಕಾರಿಯ ಮನಸ್ಸನ್ನು ನೆಚ್ಚಿಕೊಂಡ ವ್ಯವಸ್ಥೆಯನ್ನು ನಾವು ಉತ್ತರದಾಯಿತ್ವ ಎನ್ನಬಾರದು. ಅದು ಅವರ ಸಜ್ಜನಿಕೆ. ಅವರ ವರ್ಗಾವಣೆಯೊಂದಿಗೆ ಅದೂ ಹೋಗುತ್ತದೆ.

ರಾಜಸ್ಥಾನದವರು 2019ರಲ್ಲಿ ‘ಜನ್ ಸೂಚನಾ ಪೋರ್ಟಲ್’ ಶುರುಮಾಡಿಸಿದರು. ಪಡಿತರ, ಪಿಂಚಣಿ, ಕೂಲಿ, ಊರುವಾರು ಎಲ್ಲವೂ ಅದರಲ್ಲಿ ಸಿಗುವಂತೆ ಮಾಡಿದರು. ಬಯಲಲ್ಲಿ ಪಟ್ಟಿ ಓದಿದ ಚಳವಳಿಯೇ ಅದರ ಹಿಂದಿತ್ತು ಎಂಬುದನ್ನು ಮರೆಯಬಾರದು. ಓದುವ ಬಾಯಿ, ಏಳುವ ಜನ ಮೊದಲೇ ಇದ್ದ ಕಡೆ ಪರದೆ ಒಂದು ಆಯುಧ. ಅವರಿಲ್ಲದ ಕಡೆ ಅದು ಗೋಡೆಗೆ ಅಂಟಿಸಿದ ನೋಟಿಸು.

ಈಗ ಆ ಆಯುಧದ ಅಲಗನ್ನೂ ಮೊಂಡು ಮಾಡಲಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ತನ್ನ 44(3)ನೇ ಸೆಕ್ಷನ್ನಿನ ಮೂಲಕ ಮಾಹಿತಿ ಹಕ್ಕಿನ 8(1)(ಜೆ)ಯನ್ನು ತಿದ್ದಿತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯವಾಗಿ ಕೈಹಾಕುವ ಮಾಹಿತಿಯನ್ನು ಮಾತ್ರ ತಡೆಯಬಹುದಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಯಾವ ನಾಗರಿಕನಿಗೂ ನಿರಾಕರಿಸುವಂತಿಲ್ಲ ಎಂಬ ಘನವಾದ ಮಾತೂ ಅಲ್ಲಿತ್ತು. ತಿದ್ದಿದ ಮೇಲೆ ‘ವೈಯಕ್ತಿಕ ಮಾಹಿತಿ’ ಎಂಬ ಒಂದೇ ಕಾರಣ ಸಾಕು. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದೆಂಬ 8(2) ಉಳಿದಿದೆಯಲ್ಲ ಎಂದು ಸಮರ್ಥಿಸುವವರಿದ್ದಾರೆ. ಆದರೆ ಹಿತ ಯಾವುದೆಂದು ತೂಗುವವನು ಮೊದಲಿಗೆ ಅದೇ ಅಧಿಕಾರಿ. ಹಾಜರಿ ಪಟ್ಟಿಯಿಂದ ಹೆಸರು ತೆಗೆದರೆ ಉಳಿಯುವುದೇನು? ‘412 ಕೂಲಿಕಾರರು’ ಎಂದು ಬಯಲಲ್ಲಿ ಎಷ್ಟು ಗಟ್ಟಿಯಾಗಿ ಓದಿದರೂ ಸತ್ತವನು ಅವರಲ್ಲಿದ್ದಾನೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬಡವರ ಬೆರಳಚ್ಚು, ಮುಖ, ದಿನದ ಎರಡು ಫೋಟೊ ಸರ್ಕಾರದ ಬಳಿ ಇರಬಹುದು. ಬಿಲ್ಲಿಗೆ ಸಹಿ ಹಾಕಿದವನ ಹೆಸರು ಬಡವರ ಕೈಗೆ ಸಿಗಬಾರದು ಎಂಬಲ್ಲಿಗೆ ನಾವು ಬಂದು ನಿಂತಂತಾಗಿದೆ.

ನಮ್ಮ 20 ಗುಂಟೆ ಕೊನೆಗೂ ಸಿಕ್ಕಿತು. ಸಿಕ್ಕಿದ್ದು ಹೋಬಳಿಯಲ್ಲಿ ನಡೆದ ಕಂದಾಯ ಅದಾಲತ್‌ನಲ್ಲಿ. ಶಾಲೆಯ ಜಗಲಿಯ ಮೇಲೆ ಮೇಜು ಹಾಕಿ ತಹಶೀಲ್ದಾರರು ಕೂತಿದ್ದರು, ಪಕ್ಕದಲ್ಲಿ ಶಿರಸ್ತೇದಾರರು, ಸರ್ವೆಯವರು, ಲ್ಯಾಪ್‌ಟಾಪ್ ಹಿಡಿದ ಅದೇ ಕೌಂಟರಿನ ಹುಡುಗ. ಅಂಗಳದಲ್ಲಿ ಇನ್ನೂರು ಜನ. ತಂತ್ರಾಂಶ ಅದೇ, ತಪ್ಪು ಅದೇ, ಅಣ್ಣನ ಕೈಯಲ್ಲಿದ್ದ ಪ್ರಿಂಟೂ ಎರಡು ವರ್ಷದ ಹಿಂದಿನದೇ. ತಹಶೀಲ್ದಾರರು ಹಳೆಯ ಕೈಬರಹದ ಪಹಣಿಯ ನಕಲು ನೋಡಿ, “ಇದು ನಮ್ಮ ಕಡೆಯ ತಪ್ಪು” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಆದೇಶ ಬರೆದರು. ಹತ್ತು ನಿಮಿಷ ಹಿಡಿಯಿತು. ಅಣ್ಣ ನನಗೆ ಫೋನು ಮಾಡಿದಾಗ ಗುಂಟೆಯ ಮಾತಿಗಿಂತ ಮೊದಲು ಹೇಳಿದ್ದು ಆ ಒಂದು ವಾಕ್ಯವನ್ನು. ಅಂಥ ಅದಾಲತ್ ವರ್ಷಕ್ಕೆ ನಾಲ್ಕು ಸಲ ಪ್ರತಿ ಹೋಬಳಿಯಲ್ಲೂ ಕಡ್ಡಾಯವಾಗಲಿ, ಪ್ರತಿ ಊರಿನ ಪಹಣಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಲಿ, ತಡವಾದ ಪ್ರತಿ ಅರ್ಜಿಯ ಪಕ್ಕ ಅದು ಯಾರ ಲಾಗಿನ್‌ನಲ್ಲಿ ಎಷ್ಟು ದಿನ ಕೂತಿತ್ತೆಂದು ಹೆಸರು ಸಮೇತ ಕಾಣಲಿ ಎಂದು ನಾನು ಕೇಳುತ್ತೇನೆ. ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ.

ಅವತ್ತು ಅಣ್ಣನ ಹಿಂದೆ ನಮ್ಮ ಪಕ್ಕದ ಹೊಲದ ಅಜ್ಜಿ ನಿಂತಿದ್ದಳು. ಅವಳ ಗಂಡನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ, ಆಧಾರ್‌ನಲ್ಲಿ ಬೇರೆ, ಪಹಣಿಯಲ್ಲಿ ಬೇರೆ. ಅವಳ ಸರದಿ ಬರುವ ಹೊತ್ತಿಗೆ ಸಂಜೆಯಾಗಿ ಮೇಜು ಎತ್ತಿದರು. ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಆ ಪಹಣಿಯನ್ನು ಈಗಲೂ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದಾಳೆ. ಊರಿಗೆ ಹೋದಾಗಲೆಲ್ಲ ನನ್ನನ್ನು ಕೇಳುತ್ತಾಳೆ: “ಅವರು ಇನ್ನೊಂದು ಸಲ ಯಾವಾಗ ಬರ್ತಾರಪ್ಪ?”